ಹಮ್ಮು ಇಳಿದ ಕಥೆ

ಮೂರನೇ ಸೆಮಿಸ್ಟರಿನ ಲ್ಯಾಬಿನಲ್ಲಿ ಫುಲ್ ವೇವ್ ರೆಕ್ಟಿಫೈಯರ್ ಬಂದಾಗ ನಮ್ಮ ಮೂವರಿಗೂ ಖುಷಿಯೋ ಖುಷಿ. ನಾಲ್ಕು ಡಯೋಡು, ಒಂದು ಕೆಪಾಸಿಟರು, ಒಂದು ರೆಸಿಸ್ಟರು. ಅರ್ಧ ಗಂಟೆಯ ಕೆಲಸ. ವೈವಾದಲ್ಲಿ "ಫಿಲ್ಟರ್ ಇಲ್ಲದೆ ರಿಪಲ್ ಫ್ಯಾಕ್ಟರ್ ಎಷ್ಟಪ್ಪಾ?" ಅಂದರೆ ನಿದ್ದೆಗಣ್ಣಲ್ಲೂ "0.48 ಸರ್" ಅನ್ನುತ್ತಿದ್ದೆವು. "ಹಾಫ್ ವೇವಿಗೆ?" "1.21 ಸರ್." ಪವರ್ ಸಪ್ಲೈ ಅನ್ನೋದು ನಮ್ಮ ಮಟ್ಟಿಗೆ ಮುಗಿದ ಅಧ್ಯಾಯ. ಅದು ಮುಗಿದಿಲ್ಲ ಅಂತ ಗೊತ್ತಾಗಿದ್ದು ಹೊಸ ತಿಪ್ಪಸಂದ್ರದ ನಮ್ಮ ಬಾಡಿಗೆ ಮನೆಯ ಕೆಳಗಡೆ, ಒಂದು ಹಳೇ ಆಂಪ್ಲಿಫೈಯರಿನ ಮುಂದೆ ಮಂಡಿಯೂರಿ ಕೂತಾಗ.

ನಾವು ಮೂವರು: ಹಾಸನದವನೊಬ್ಬ, ಶಿರಸಿಯವನೊಬ್ಬ, ಕಲಬುರಗಿಯವನೊಬ್ಬ. ಮೇಲಿನ ಎರಡು ಕೋಣೆ ನಮ್ಮದು, ಕೆಳಗೆ ಓನರ್ ಆಂಟಿ. ಆಂಟಿ ಸಂಗೀತ ಹೇಳಿಕೊಡುತ್ತಾರೆ. ಬೆಳಿಗ್ಗೆ ಸುತ್ತಮುತ್ತಲ ಬೀದಿಯ ಮಕ್ಕಳು, ರಾತ್ರಿ ಲ್ಯಾಪ್‌ಟಾಪಿನಲ್ಲಿ ಹೊರದೇಶದ ಮಕ್ಕಳು. ಎಚ್‌ಎಎಲ್ ರನ್‌ವೇಯಿಂದ ವಿಮಾನ ಏರಿದರೆ ಕ್ಲಾಸು ಅರ್ಧ ನಿಮಿಷ ನಿಲ್ಲುತ್ತೆ, ಆಮೇಲೆ ಸರಳೆ ವರಸೆ ಮುಂದುವರಿಯುತ್ತೆ. ನಮ್ಮ ಅಲಾರಂ ಅದೇ.

ಒಂದು ಭಾನುವಾರ ಆಂಟಿ ಮೆಟ್ಟಿಲ ಕೆಳಗಿಂದ ಕೂಗಿದರು. "ಏನ್ರೋ, ನೀವೆಲ್ಲ ಎಲೆಕ್ಟ್ರಾನಿಕ್ಸ್ ಓದ್ತಿರೋದಲ್ವಾ? ಈ ಡಬ್ಬ ಸ್ವಲ್ಪ ನೋಡ್ರೋ. ಗುಂಯ್ ಗುಂಯ್ ಅಂತ ಒಂದೇ ಸಮ ಅಂತಿದೆ."

ಡಬ್ಬ ಅಂದರೆ ಅಂಕಲ್ ಕೈಯಾರೆ ಕಟ್ಟಿದ ಆಂಪ್ಲಿಫೈಯರ್. ಅಂಕಲ್ ಹತ್ತಿರದ ಕಾರ್ಖಾನೆಯೊಂದರಲ್ಲಿ ಟೆಕ್ನಿಶಿಯನ್ ಆಗಿದ್ದರು, ತೀರಿಕೊಂಡು ನಾಲ್ಕು ವರ್ಷ. ಮುಚ್ಚಳ ತೆಗೆದರೆ ಒಳಗೆ ಎಲ್ಲ ಅಚ್ಚುಕಟ್ಟು: 36 ವೋಲ್ಟ್ ಸೆಕೆಂಡರಿಯ ದೊಡ್ಡ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡಿನ ಬ್ರಿಡ್ಜು, 4700 ಮೈಕ್ರೋಫ್ಯಾರಡ್‌ನ ಒಂದು ದಪ್ಪ ಕೆಪಾಸಿಟರ್, ಹೀಟ್‌ಸಿಂಕ್ ಮೇಲೆ ಎರಡು 2ಎನ್3055 ಟ್ರಾನ್ಸಿಸ್ಟರ್. ವೈರುಗಳನ್ನು ನೂಲಿನಿಂದ ಕಟ್ಟಿದ್ದರು. ಅಂಥ ಕೆಲಸ ನಮ್ಮ ಯಾವ ಮಿನಿ ಪ್ರಾಜೆಕ್ಟಿನಲ್ಲೂ ಕಂಡಿರಲಿಲ್ಲ.

"ಹೊಸದು ತಗೊಂಡ್ಬಿಡಿ ಆಂಟಿ, ಆನ್‌ಲೈನಲ್ಲಿ ಅಗ್ಗಕ್ಕೆ ಸಿಗತ್ತೆ" ಅಂದೆವು. ಆಂಟಿ ಏನೂ ಹೇಳಲಿಲ್ಲ, ಸೆರಗಿನಲ್ಲಿ ಮುಚ್ಚಳದ ಧೂಳು ಒರೆಸಿದರು. ಆ ಮಾತು ಮತ್ತೆ ಎತ್ತಲಿಲ್ಲ.

"ಬರೀ ಸದ್ದಾಗಿದ್ರೆ ಸಹಿಸ್ಕೋತಿದ್ದೆ" ಅಂದರು ಆಮೇಲೆ. "ಆದ್ರೆ ಅದು ನನ್ನ ಷಡ್ಜದ ಪಕ್ಕದಲ್ಲೇ ಕೂತು ಜಗಳ ಆಡತ್ತೆ. ತಂಬೂರಿ ಹಾಕಿದ್ರೆ ಶ್ರುತಿ ಅಲ್ಲಾಡಿದ ಹಾಗೆ ಆಗತ್ತೆ. ಮಕ್ಕಳಿಗೆ ಎಲ್ಲಿ ನಿಲ್ಲಬೇಕು ಅಂತಾನೇ ಗೊತ್ತಾಗಲ್ಲ."

ನಾವು ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ತೆಗೆದೆವು. ತಂಬೂರಿ ಆನ್, ಆಂಪ್ಲಿಫೈಯರ್ ಆನ್. ಪರದೆಯ ಮೇಲೆ ನೂರರ ಸುತ್ತ ಒಂದೇ ಒಂದು ದಪ್ಪ ಗುಡ್ಡ. "ನೋಡಿ ಆಂಟಿ, ಒಂದೇ ಇದೆ. ಇನ್ನೊಂದು ಇಲ್ಲ. ನಿಮಗೆ ಹಾಗೆ ಅನ್ನಿಸತ್ತೆ ಅಷ್ಟೇ." ಆಂಟಿ ನಕ್ಕು ಸುಮ್ಮನಾದರು. ಆ ನಗು ಯಾಕೆ ಅಂತ ಗೊತ್ತಾಗೋಕೆ ನಮಗೆ ಮೂರು ವಾರ ಬೇಕಾಯಿತು.

ಮೊದಲ ದಿನವೇ ಗೆದ್ದೆವು ಅಂದುಕೊಂಡೆವು. ಲ್ಯಾಪ್‌ಟಾಪಿನಿಂದ ಆಂಪ್ಲಿಫೈಯರಿಗೆ ಆಡಿಯೋ ವೈರು ಚುಚ್ಚಿದಾಗ ಗುಂಯ್ ಜಾಸ್ತಿ, ತೆಗೆದಾಗ ಕಡಿಮೆ. "ಗ್ರೌಂಡ್ ಲೂಪ್!" ಅಂತ ಹಾಸನದವನು ಚಪ್ಪಾಳೆ ತಟ್ಟಿದ. ನಿಜವೇ. ಲ್ಯಾಪ್‌ಟಾಪಿನ ಚಾರ್ಜರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯಲ್ಲಿ, ಎರಡಕ್ಕೂ ಮೂರು ಪಿನ್ನು, ಎರಡಕ್ಕೂ ಅರ್ಥ್. ಎರಡು ಅರ್ಥ್ ವೈರು ಗೋಡೆಯೊಳಗೆ ಒಂದು ಕಡೆ ಸೇರುತ್ತವೆ, ಆಡಿಯೋ ವೈರಿನ ಶೀಲ್ಡ್ ಈ ಕಡೆ ಅವನ್ನು ಸೇರಿಸುತ್ತೆ. ಕೋಣೆಯಷ್ಟು ದೊಡ್ಡ ಒಂದು ಸುತ್ತು ಆಯಿತು. ಸುತ್ತಮುತ್ತಲ 50 ಹರ್ಟ್ಸ್ ಕಾಂತಕ್ಷೇತ್ರ ಆ ಸುತ್ತಿನಲ್ಲಿ ಕರೆಂಟು ಹುಟ್ಟಿಸುತ್ತೆ, ಅದು ಶೀಲ್ಡಿನಲ್ಲಿ ಹರಿದು ಸಿಗ್ನಲ್ಲಿಗೆ ಬೆರೆಯುತ್ತೆ. ಫ್ಯಾರಡೆ ನಿಯಮ, ಪಠ್ಯದಲ್ಲಿ ಇದ್ದ ಹಾಗೇ.

ಸುತ್ತು ಮುರಿಯಬೇಕು. ಎಲ್ಲಿ ಮುರಿದೆವು ಅನ್ನೋದೇ ನಾವಿಲ್ಲಿ ಒಪ್ಪಿಕೊಳ್ಳಬೇಕಾದ ಮಾತು. ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ ಬಿಚ್ಚಿ ಹಸಿರು ವೈರನ್ನು ಕಿತ್ತು ಟೇಪು ಸುತ್ತಿದೆವು. ಐದು ನಿಮಿಷದ ಕೆಲಸ. ಗುಂಯ್ ಮುಕ್ಕಾಲು ಪಾಲು ಹೋಯಿತು. ಕಾಲೇಜು ಫೆಸ್ಟುಗಳಲ್ಲಿ ಸೌಂಡಿನವರು ಹೀಗೇ ಮಾಡೋದನ್ನು ನೋಡಿದ್ದೆವು, ಯಾರಿಗೂ ಏನೂ ಆಗಿರಲಿಲ್ಲ. ಆಂಟಿ ಒಂದು ತಟ್ಟೆ ಕೋಡುಬಳೆ ಕೊಟ್ಟರು. ಮೇಲೆ ಹೋಗಿ ತಿಂದು ಮಲಗಿದೆವು.

ಮೂರನೇ ದಿನ ಬೆಳಿಗ್ಗೆ ಕೆಳಗೆ ಸರಳೆ ವರಸೆ ನಡುವೆ ನಿಂತಿತು. ವಿಮಾನದ ಸದ್ದೂ ಇರಲಿಲ್ಲ. ಇಳಿದು ಹೋಗಿ ನೋಡಿದರೆ ಒಂಬತ್ತು ವರ್ಷದ ಒಂದು ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದಾಳೆ. ನೆಲ ಆಗಷ್ಟೇ ಒರೆಸಿದ್ದು, ಇನ್ನೂ ಒದ್ದೆ. ಬರಿಗಾಲು.

"ಮಿಸ್, ಮೈಕು ಕಚ್ತು" ಅಂದಳು.

ಸ್ವಿಚ್ ಆರಿಸಿ ಮಕ್ಕಳನ್ನು ಹೊರಗಿನ ಜಗಲಿಗೆ ಕಳಿಸಿ, ಮತ್ತೆ ಹಾಕಿ, ಪೆಟ್ಟಿಗೆಗೆ ಟೆಸ್ಟರ್ ಮುಟ್ಟಿಸಿದೆವು. ಕೆಂಪಗೆ ಹತ್ತಿತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಒಳಗೆ ಹುಡುಕಿದಾಗ ಸಿಕ್ಕಿತು. ಹಳೇ ಕಾಲದ ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಇರುವ ಹಾಗೆ ಫೇಸ್‌ನಿಂದ ಲೋಹದ ಪೆಟ್ಟಿಗೆಗೆ ಒಂದು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಇತ್ತು, ಕರೆಂಟಿನ ಜೊತೆ ಬರುವ ಚಿಟಪಟ ಸದ್ದು ಸೋಸೋಕೆ. ಅರ್ಥ್ ಇದ್ದಾಗ ಅದರಲ್ಲಿ ಹರಿಯುವ ಅಲ್ಪ ಕರೆಂಟು ಹಸಿರು ವೈರಿನಲ್ಲಿ ಇಳಿದು ಹೋಗುತ್ತಿತ್ತು. ಲೆಕ್ಕ ಹಾಕಿ ನೋಡಿ: 230 ವೋಲ್ಟ್, 50 ಹರ್ಟ್ಸ್, 0.01 ಮೈಕ್ರೋಫ್ಯಾರಡ್. ಸುಮಾರು 0.7 ಮಿಲಿಆಂಪಿಯರ್. ಮನುಷ್ಯರ ಮೈಗೆ ಜುಮ್ ಅನ್ನಿಸೋದು ಹೆಚ್ಚುಕಡಿಮೆ ಅರ್ಧದಿಂದ ಒಂದು ಮಿಲಿಆಂಪಿಯರಿನಲ್ಲಿ. ಅಂದರೆ ಹುಡುಗಿ ಹೇಳಿದ್ದು ಅಕ್ಷರಶಃ ನಿಜ, ಮೈಕು ಕಚ್ಚಿತ್ತು. ರಾತ್ರಿ ಕ್ಲಾಸಿನಲ್ಲಿ ಯಾಕೆ ಯಾರಿಗೂ ಗೊತ್ತಾಗಲಿಲ್ಲ? ಆಗ ಲ್ಯಾಪ್‌ಟಾಪ್ ಜೋಡಿಸಿರುತ್ತಿತ್ತು, ಅದರ ಚಾರ್ಜರಿನ ಅರ್ಥೇ ಆಡಿಯೋ ವೈರಿನ ಶೀಲ್ಡ್ ಮೂಲಕ ಪೆಟ್ಟಿಗೆಯನ್ನು ಕಾಯುತ್ತಿತ್ತು. ಬೆಳಗಿನ ಕ್ಲಾಸಿಗೆ ಲ್ಯಾಪ್‌ಟಾಪ್ ಇರೋದಿಲ್ಲ.

ಕಚ್ಚಿದ್ದು 0.7 ಮಿಲಿಆಂಪಿಯರ್, ಅದು ಆ ದಿನದ ಅದೃಷ್ಟ. ಆ ಹಳೇ ಕೆಪಾಸಿಟರ್ ಒಳಗೇ ಶಾರ್ಟ್ ಆಗಿದ್ದರೆ ಅಥವಾ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಇನ್ಸುಲೇಷನ್ ಎಲ್ಲಾದರೂ ಸುಟ್ಟು ಕೋರಿಗೆ ತಗಲಿದ್ದರೆ ಮೈಕಿನ ಮೇಲೆ ಪೂರ್ತಿ 230 ವೋಲ್ಟು. ಹಸಿರು ವೈರು ಇದ್ದಿದ್ದರೆ ಫ್ಯೂಸ್ ಹಾರಿ ಮುಗಿಯುತ್ತಿತ್ತು. ಇಲ್ಲದಿದ್ದರೆ ಆ ದಾರಿ ಒದ್ದೆ ನೆಲದ ಮೇಲೆ ನಿಂತವರ ಮೈಯೇ. ಆ ಹಳೇ ಮನೆಯಲ್ಲಿ 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಕೂಡ ಇರಲಿಲ್ಲ.

ಆಂಟಿಗೆ ಎಲ್ಲ ಹೇಳಿದೆವು, ತಪ್ಪು ನಮ್ಮದು ಅಂತ. ಅವರು ಬೈಯಲಿಲ್ಲ. "ಸರಿ, ಈಗ ಸರಿ ಮಾಡಿ. ಅಲ್ಲಿವರೆಗೂ ಇದು ಬೇಡ" ಅಂದು ಪ್ಲಗ್ ಕಿತ್ತು ಡಬ್ಬವನ್ನು ನಮ್ಮ ಕೈಗೇ ಕೊಟ್ಟರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಆ ರಾತ್ರಿ ಹಸಿರು ವೈರು ಮತ್ತೆ ತನ್ನ ಜಾಗಕ್ಕೆ ಬಂತು. ಫೇಸಿನ ಆ ಕೆಪಾಸಿಟರ್ ಬದಲು ಅದೇ ಕೆಲಸಕ್ಕೆಂದೇ ಬರುವ ವೈ ದರ್ಜೆಯದ್ದನ್ನು ಹಾಕಬೇಕು ಅಂತ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಂಡೆವು. ಅದು ಕೆಟ್ಟರೆ ತೆರೆದುಕೊಳ್ಳುವ ಹಾಗೆ ಮಾಡಿರುತ್ತಾರೆ, ಶಾರ್ಟ್ ಆಗುವ ಹಾಗಲ್ಲ. ಆಮೇಲೆ ಒಂದು ಸೀರೀಸ್ ಬೋರ್ಡ್ ಮಾಡಿಕೊಂಡೆವು. ಬಲ್ಬ್ ಹೋಲ್ಡರಿನಲ್ಲಿ ಹಳೇ 100 ವಾಟಿನ ಫಿಲಮೆಂಟ್ ಬಲ್ಬು, ಅದರ ಜೊತೆ ಸಾಲಾಗಿ ಪ್ಲಗ್ಗು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತೆ. ರಿಪೇರಿ ಅಂಗಡಿಯವರ ಹತ್ತಿರ ಇದು ಇದ್ದೇ ಇರುತ್ತೆ, ನಮ್ಮ ಲ್ಯಾಬಿನಲ್ಲಿ ಮಾತ್ರ ನೋಡಿರಲಿಲ್ಲ. ಮುಚ್ಚಳ ತೆಗೆದ ಮೇಲೆ ದೊಡ್ಡ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡದೆ ಕೈ ಹಾಕಬಾರದು ಅನ್ನೋದನ್ನೂ ರೂಢಿ ಮಾಡಿಕೊಂಡೆವು. ಸುಮಾರು 50 ವೋಲ್ಟ್ ತುಂಬಿದ 4700 ಮೈಕ್ರೋಫ್ಯಾರಡ್ ಪ್ಲಗ್ ಕಿತ್ತ ಮೇಲೂ ಕಾದು ಕೂತಿರುತ್ತೆ.

ಇಷ್ಟಾದ ಮೇಲೆ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆವು: ಕಿವಿಗೊಟ್ಟು ಕೇಳಿದೆವು. ಗುಂಯ್ ಅನ್ನೋದು ಒಂದು ಸದ್ದಲ್ಲ, ಹಲವು ಸದ್ದು ಸೇರಿದ್ದು. ಬಿಡಿಸುವ ಉಪಾಯ ಸುಲಭ.

ಮೊದಲು ಸ್ಪೀಕರ್ ವೈರೇ ತೆಗೆದೆವು. ಆದರೂ ಪೆಟ್ಟಿಗೆಯಿಂದ ಝುಂ ಅಂತ ಒಂದು ಸದ್ದು ಬರುತ್ತಿತ್ತು, ಮೇಲೆ ಕೈ ಇಟ್ಟರೆ ಅದುರು. ಅದು ಸರ್ಕ್ಯೂಟಿನ ಸದ್ದಲ್ಲ, ಟ್ರಾನ್ಸ್‌ಫಾರ್ಮರಿನ ಮೈಯ ಸದ್ದು. ಆಮೇಲೆ ಸ್ಪೀಕರ್ ಹಾಕಿ, ವಾಲ್ಯೂಮ್ ಪೂರ್ತಿ ಸೊನ್ನೆ ಮಾಡಿದೆವು. ಮೆತ್ತಗೆ "ಮ್ಮ್ಮ್" ಅಂತ ಒಂದು ಸದ್ದು ಉಳಿಯಿತು. ವಾಲ್ಯೂಮಿಗೆ ಬಗ್ಗದ್ದು ಅಂದರೆ ಅದು ವಾಲ್ಯೂಮ್ ಕಂಟ್ರೋಲ್ ದಾಟಿ, ಪವರ್ ಸಪ್ಲೈ ಕಡೆಯಿಂದ ನುಗ್ಗುತ್ತಿದೆ. ಕೊನೆಗೆ ಲ್ಯಾಪ್‌ಟಾಪ್ ಇಲ್ಲದೆಯೇ ಮೈಕಿನ ವಾಲ್ಯೂಮ್ ಏರಿಸಿದೆವು. "ರ್ರ್ರ್" ಅಂತ ಜೀರುಂಡೆಯ ಹಾಗೆ ಇನ್ನೊಂದು ಸದ್ದು ವಾಲ್ಯೂಮಿನ ಜೊತೆಗೇ ಏರಿತು. ಅದು ವಾಲ್ಯೂಮಿಗಿಂತ ಮೊದಲೇ ಸಿಗ್ನಲ್ಲಿಗೆ ಸೇರುತ್ತಿದೆ. ಲ್ಯಾಪ್‌ಟಾಪಿನ ಗ್ರೌಂಡ್ ಲೂಪ್ ನಾಲ್ಕನೆಯದು. ನಾವು ಅರ್ಥ್ ಕಿತ್ತಾಗ ಮುಚ್ಚಿಹೋಗಿದ್ದು ಆ ನಾಲ್ಕನೆಯದು ಮಾತ್ರ.

ಮೈಯ ಸದ್ದಿನಿಂದ ಶುರು ಮಾಡಿದೆವು. ಸಿಲಿಕಾನ್ ಸ್ಟೀಲಿನ ಪಟ್ಟಿಗಳು ಕಾಂತತ್ವ ಏರಿದಾಗ ಒಂದಿಷ್ಟು ಉದ್ದ ಬದಲಿಸುತ್ತವೆ, ಮೀಟರಿಗೆ ಕೆಲವೇ ಮೈಕ್ರಾನ್. ಉತ್ತರ ಧ್ರುವವಾದರೂ ದಕ್ಷಿಣ ಧ್ರುವವಾದರೂ ಬದಲಾವಣೆ ಒಂದೇ ದಿಕ್ಕಿಗೆ, ಹಾಗಾಗಿ 50 ಹರ್ಟ್ಸ್ ಕರೆಂಟಿಗೆ ಅದುರು ಸೆಕೆಂಡಿಗೆ 100 ಸಲ. ಮ್ಯಾಗ್ನೆಟೋಸ್ಟ್ರಿಕ್ಷನ್ ಅನ್ನೋದು ಇದನ್ನೇ. ಬೀದಿ ಕೊನೆಯ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಡುವುದೂ ಇದೇ ಹಾಡನ್ನು. ಪಟ್ಟಿಗಳು ಸಡಿಲವಾದರೆ ಅವು ಒಂದಕ್ಕೊಂದು ಬಡಿದು ಸದ್ದು ಹೆಚ್ಚುತ್ತೆ, ತೆಳುವಾದ ತಗಡಿನ ಪೆಟ್ಟಿಗೆಗೆ ನೇರ ಬಿಗಿದರೆ ಪೆಟ್ಟಿಗೆಯೇ ತಮಟೆಯಾಗುತ್ತೆ. ನಾಲ್ಕು ಬೋಲ್ಟ್ ಬಿಗಿ ಮಾಡಿ, ಪಟ್ಟಿಗಳ ಅಂಚಿಗೆ ಇನ್ಸುಲೇಟಿಂಗ್ ವಾರ್ನಿಷ್ ಇಳಿಸಿ ಒಣಗಿಸಿ, ಟ್ರಾನ್ಸ್‌ಫಾರ್ಮರಿನ ಕಾಲಿನ ಕೆಳಗೆ ರಬ್ಬರ್ ವಾಷರ್ ಕೊಟ್ಟೆವು. ಬೋಲ್ಟಿನ ಸುತ್ತ ಅಂಕಲ್ ಹಾಕಿದ್ದ ಇನ್ಸುಲೇಷನ್ ಕೊಳವೆಗಳನ್ನು ಹಾಗೇ ಉಳಿಸಿದೆವು. ಅವಿಲ್ಲದಿದ್ದರೆ ಬೋಲ್ಟುಗಳೇ ಕೋರಿನ ಪಟ್ಟಿಗಳನ್ನು ಶಾರ್ಟ್ ಮಾಡಿ ಬಿಸಿಯಾಗುತ್ತವೆ. ಝುಂ ಬಹುಪಾಲು ಅಡಗಿತು.

ಆಮೇಲೆ "ಮ್ಮ್ಮ್". ಇದು ನಮ್ಮ ವೈವಾದ ರಿಪಲ್. ದೊಡ್ಡ ಕೆಪಾಸಿಟರನ್ನು ಲ್ಯಾಬಿನ ಮೀಟರಿನಲ್ಲಿ ಅಳೆದರೆ 4700 ಇರಬೇಕಾದ್ದು 900ರ ಹತ್ತಿರ. ಒಳಗಿನ ದ್ರವ ಒಣಗಿಹೋಗಿತ್ತು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ ಬಿಸಿಯೇ ಶತ್ರು, ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಅಂತ ಲೆಕ್ಕ. ಇದಂತೂ ಹೀಟ್‌ಸಿಂಕಿನ ಪಕ್ಕದಲ್ಲೇ ದಶಕಗಟ್ಟಲೆ ಕೂತಿತ್ತು. ರಿಪಲ್ ವೋಲ್ಟೇಜ್ ಅಂದಾಜು ಕರೆಂಟನ್ನು 2×50×ಕೆಪಾಸಿಟೆನ್ಸ್‌ನಿಂದ ಭಾಗಿಸಿದಷ್ಟು. ಅರ್ಧ ಆಂಪಿಯರಿಗೆ 4700 ಇದ್ದರೆ ಒಂದು ವೋಲ್ಟಿನ ಆಸುಪಾಸು. 900 ಇದ್ದರೆ ಐದೂವರೆ. ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆವೋ! ಆ ಸಂಖ್ಯೆಗೆ ಒಂದು ದನಿ ಇದೆ ಅಂತ ಮಾತ್ರ ಗೊತ್ತಿರಲಿಲ್ಲ.

ಇಂದಿರಾನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿಗೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿಳಿದು ಎಸ್‌ಪಿ ರೋಡಿಗೆ ನಡೆದೆವು. ನಮ್ಮ ಕಲಬುರಗಿಯವನು "ತಗೊಳ್ಳೂದಿದ್ರ ದೊಡ್ಡದs ತಗೊಳ್ಳೋಣಲೇ" ಅಂದ. 4700 ಯಾಕೆ, 10,000 ಇರಲಿ. ದೊಡ್ಡದಾದಷ್ಟೂ ರಿಪಲ್ ಕಡಿಮೆ, ಸೂತ್ರ ಹೇಳುತ್ತಲ್ಲ. ಬಂದು ಬೆಸುಗೆ ಹಾಕಿದೆವು. "ಮ್ಮ್ಮ್" ಹೋಯಿತು, ನಿಜ. ಆದರೆ "ರ್ರ್ರ್" ಮೊದಲಿಗಿಂತ ಜೋರಾಯಿತು!

ಎರಡು ದಿನ ಮಂಕು. ಡಯೋಡ್ ಹೋಗಿದೆಯಾ ಅಂತ ನೋಡಿದೆವು. ಬ್ರಿಡ್ಜಿನಲ್ಲಿ ಒಂದು ಡಯೋಡ್ ಕೈಕೊಟ್ಟರೆ ಅದು ಹಾಫ್ ವೇವ್ ಆಗಿ ಗುಂಯ್ 100ರಿಂದ 50 ಹರ್ಟ್ಸಿಗೆ ಇಳಿಯುತ್ತೆ, ಅದೂ ಅಲ್ಲ. ಪ್ರತಿ ಡಯೋಡಿಗೂ ಅಡ್ಡಲಾಗಿ 0.01 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿದೆವು. ಡಯೋಡ್ ಬಂದ್ ಆಗುವ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸ್ ಗಂಟೆ ಬಾರಿಸಿದ ಹಾಗೆ ರಿಂಗ್ ಆಗುತ್ತೆ, ಅದನ್ನು ತಣಿಸೋಕೆ. ಮೇಲುಸ್ಥಾಯಿಯ ಚಿರಚಿರ ಸ್ವಲ್ಪ ಕಮ್ಮಿಯಾಯಿತು ಅಷ್ಟೇ.

ಕೊನೆಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಹೋದೆವು. ಅವರು ಸರ್ಕ್ಯೂಟ್ ಚಿತ್ರ ಕೇಳಲೇ ಇಲ್ಲ. "ವೈರು ಎಲ್ಲಿಂದ ಎಲ್ಲಿಗೆ ಹೋಗಿದೆಯೋ ಹಾಗೇ ಬರೆದು ತನ್ನಿ" ಅಂದರು. ಗ್ರೌಂಡ್ ಅಂತ ಮೂರು ಗೆರೆಯ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಪ್ರತಿ ಗ್ರೌಂಡ್ ವೈರೂ ಒಂದು ರೆಸಿಸ್ಟರ್ ಅಂತ ತಿಳಿದು ಬರೆಯಬೇಕು. ಬರೆದಾಗ ಕಣ್ಣಿಗೆ ಬಿತ್ತು.

ಬ್ರಿಡ್ಜಿನ ಮೈನಸ್‌ನಿಂದ ಕೆಪಾಸಿಟರಿನ ಮೈನಸ್‌ಗೆ ಒಂದು ಗೇಣುದ್ದದ ವೈರು. ಕೆಪಾಸಿಟರ್ ಚಾರ್ಜ್ ಆಗೋದು ಎಲ್ಲ ಹೊತ್ತೂ ಅಲ್ಲ, ಎಸಿ ತುದಿ ಮುಟ್ಟಿದ ಆ ಸಣ್ಣ ಕ್ಷಣದಲ್ಲಿ ಮಾತ್ರ. ಇಡೀ 10 ಮಿಲಿಸೆಕೆಂಡಿನ ಊಟ ಒಂದೇ ಮಿಲಿಸೆಕೆಂಡಿನಲ್ಲಿ. ಸರಾಸರಿ ಅರ್ಧ ಆಂಪಿಯರ್ ಬೇಕಿದ್ದರೆ ಆ ಕ್ಷಣದಲ್ಲಿ ಹರಿಯೋದು ಐದು ಆಂಪಿಯರ್. ಆ ಗೇಣುದ್ದದ ವೈರಿನ ರೆಸಿಸ್ಟೆನ್ಸ್ ಐದು ಮಿಲಿಓಮ್ ಅಂತಿಟ್ಟುಕೊಂಡರೂ ಎರಡು ತುದಿಯ ನಡುವೆ 25 ಮಿಲಿವೋಲ್ಟ್, ಸೆಕೆಂಡಿಗೆ ನೂರು ಸಲ, ಚೂಪಾದ ಪಲ್ಸುಗಳಲ್ಲಿ. ಮೈಕಿನಿಂದ ಬರುವ ಸಿಗ್ನಲ್ಲೇ ಕೆಲವು ಮಿಲಿವೋಲ್ಟ್. ಮತ್ತು ಮೈಕ್ ಸಾಕೆಟ್ಟಿನ ಗ್ರೌಂಡ್ ವೈರನ್ನು ಬೆಸೆದಿದ್ದು ಕೆಪಾಸಿಟರಿನ ತುದಿಗಲ್ಲ, ಬ್ರಿಡ್ಜಿನ ತುದಿಗೆ! ಆ ಪಲ್ಸುಗಳು ಹಾಡಿನ ಜೊತೆ ಕೈಕೈ ಹಿಡಿದು ಒಳಗೆ ಹೋಗುತ್ತಿದ್ದವು. ಚೂಪಾದ ಪಲ್ಸಾದ್ದರಿಂದಲೇ 100ರ ಜೊತೆ 200, 300, 400 ಎಲ್ಲವೂ ಸೇರಿ "ಮ್ಮ್" ಆಗದೆ "ರ್ರ್" ಆಗಿತ್ತು. ನಾವು ಕೆಪಾಸಿಟರ್ ದೊಡ್ಡದು ಮಾಡಿದಾಗ ಆ ಊಟದ ಹೊತ್ತು ಇನ್ನೂ ಚಿಕ್ಕದಾಯಿತು, ಪಲ್ಸು ಇನ್ನೂ ಎತ್ತರವಾಯಿತು. ಸದ್ದು ಹೆಚ್ಚಿದ್ದು ಅದಕ್ಕೇ.

ಪರಿಹಾರಕ್ಕೆ ತಗುಲಿದ ಖರ್ಚು ಸೊನ್ನೆ. ಆ ಒಂದು ವೈರನ್ನು ಬ್ರಿಡ್ಜಿನಿಂದ ಬಿಚ್ಚಿ ಕೆಪಾಸಿಟರಿನ ಮೈನಸ್ ದಾಟಿದ ಮೇಲೆ ಒಂದು ಬಿಂದುವಿಗೆ ತಂದು, ಮೈಕ್, ಪ್ರೀಆಂಪ್, ಸ್ಪೀಕರ್ ಎಲ್ಲದರ ಗ್ರೌಂಡನ್ನೂ ಅಲ್ಲಿಗೇ ಪ್ರತ್ಯೇಕ ವೈರಿನಲ್ಲಿ ಸೇರಿಸಿದೆವು. ಸ್ಟಾರ್ ಗ್ರೌಂಡ್ ಅನ್ನೋದು ಇದನ್ನೇ. ಬ್ರಿಡ್ಜಿಗೂ ಕೆಪಾಸಿಟರಿಗೂ ನಡುವಿನ ವೈರು ಅವರಿಬ್ಬರದ್ದೇ, ಬೇರೆ ಯಾರೂ ಅದನ್ನು ಮುಟ್ಟಬಾರದು. 10,000 ತೆಗೆದು 4700 ಹಾಕಿದೆವು. ಸೀರೀಸ್ ಬೋರ್ಡಿನ ಬಲ್ಬು ಒಮ್ಮೆ ಮಿನುಗಿ ಮಂದವಾಯಿತು. ವಾಲ್ಯೂಮ್ ಅರ್ಧ ಏರಿಸಿದೆವು, ಮುಕ್ಕಾಲು ಏರಿಸಿದೆವು. ಶಿರಸಿಯವನು "ಆನ್ ಆಯ್ದನಾ ಇಲ್ಯನಾ ಮಾರಾಯ?" ಅಂತ ಕೇಳಿದ. ಮೈಕಿಗೆ ಬೆರಳು ತಾಗಿಸಿದಾಗಲೇ ಗೊತ್ತಾಗಿದ್ದು, ಆನ್ ಆಗಿದೆ ಅಂತ.

ಲ್ಯಾಪ್‌ಟಾಪಿನದ್ದು ಉಳಿದಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆವು, ಕೋಣೆಯಷ್ಟಿದ್ದ ಸುತ್ತು ಒಂದು ಮೊಳಕ್ಕೆ ಇಳಿಯಿತು. ಆಡಿಯೋ ವೈರಿನ ನಡುವೆ ಒಂದಕ್ಕೊಂದು ಅನುಪಾತದ ಚಿಕ್ಕ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದೆವು. ಹಾಡು ಕಾಂತಕ್ಷೇತ್ರದಲ್ಲಿ ದಾಟುತ್ತೆ, ಗ್ರೌಂಡಿಗೆ ದಾಟೋಕೆ ತಾಮ್ರದ ದಾರಿಯೇ ಇಲ್ಲ. ಸುತ್ತು ಮುರಿಯಬೇಕಾದ್ದು ಹೀಗೆ, ಸಿಗ್ನಲ್ಲಿನ ಕಡೆ. ಅರ್ಥ್ ಕಡೆ ಯಾವತ್ತೂ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆರ್‌ಸಿಸಿಬಿಯೂ ಹಾಕಿಸಿಕೊಂಡರು ಆಂಟಿ.

ಡಬ್ಬ ಕೆಳಗೆ ಇಳಿಸಿದ ಸಂಜೆ ಆಂಟಿ ತಂಬೂರಿ ಹಾಕಿದರು. ಎಲೆಕ್ಟ್ರಾನಿಕ್ ತಂಬೂರಿ. ಇದಕ್ಕೂ ನಮ್ಮ ಏರಿಯಾಗೂ ನಂಟಿದೆ: ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ಬಲ್ಲ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದರು, ಮುಂದೆ ರಾಡೆಲ್ ಕಟ್ಟಿದರು. ಸರ್ಕ್ಯೂಟ್ ಕಟ್ಟುವವರಿಗೆ ಸಂಗೀತದ ಕಿವಿಯೂ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಆಂಟಿ ಕಣ್ಣು ಮುಚ್ಚಿ ಒಂದು ನಿಮಿಷ ಕೂತರು. "ಹೋಯ್ತು" ಅಂದರು. "ಪಕ್ಕದಲ್ಲಿ ಕೂತಿದ್ದವನು ಎದ್ದು ಹೋದ."

ಆಗ ನಮಗೆ ಆ ಆ್ಯಪ್ ನೆನಪಾಯಿತು. ಮೇಲೆ ಹೋಗಿ, ಮೊದಲ ದಿನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಸದ್ದನ್ನು ತೆಗೆದು ಲೆಕ್ಕ ಹಾಕಿದೆವು. ಆಂಟಿಯ ಶ್ರುತಿ ಐದು ಮನೆ. ಅವರ ಷಡ್ಜ 196 ಹರ್ಟ್ಸ್, ಮಂದ್ರ ಷಡ್ಜದ ತಂತಿ 98. ನಮ್ಮ ದೇಶದ ಗ್ರಿಡ್ಡನ್ನು 49.90ರಿಂದ 50.05 ಹರ್ಟ್ಸ್ ನಡುವೆ ಇಡುತ್ತಾರೆ, ಆದ್ದರಿಂದ ರೆಕ್ಟಿಫೈಯರಿನ ಗುಂಯ್ ಹೆಚ್ಚುಕಡಿಮೆ 100, ಅದರ ಎರಡರಷ್ಟು 200. 98ರ ಪಕ್ಕ 100: ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತೆ. 196ರ ಪಕ್ಕ 200: ಸೆಕೆಂಡಿಗೆ ನಾಲ್ಕು ಸಲ. ಪಿಯುಸಿಯಲ್ಲಿ ಓದಿದ ಬೀಟ್ಸ್. "ಶ್ರುತಿ ಅಲ್ಲಾಡುತ್ತೆ" ಅಂತ ಆಂಟಿ ಹೇಳಿದ್ದು ಇದನ್ನೇ, ಸಂಖ್ಯೆ ಸಮೇತ ಸರಿ.

ಮತ್ತೆ ನಮ್ಮ ಆ್ಯಪ್ ಒಂದೇ ಗುಡ್ಡ ತೋರಿಸಿದ್ದೇಕೆ? ಅದು ಸೆಕೆಂಡಿಗೆ 44,100 ಸ್ಯಾಂಪಲ್ ತಗೊಂಡು, ಒಂದು ಸಲಕ್ಕೆ 4096 ಸ್ಯಾಂಪಲ್‌ಗಳ ಎಫ್‌ಎಫ್‌ಟಿ ಮಾಡುತ್ತಿತ್ತು. ಭಾಗಿಸಿದರೆ ಒಂದೊಂದು ಮನೆಯ ಅಗಲ ಸುಮಾರು 10.8 ಹರ್ಟ್ಸ್. 98 ಮತ್ತು 100 ಎರಡೂ ಒಂದೇ ಮನೆಯೊಳಗೆ ಬೀಳುತ್ತವೆ, ಬೇರೆ ಬೇರೆ ಕಾಣೋಕೆ ಸಾಧ್ಯವೇ ಇಲ್ಲ. ಅದೇ ರೆಕಾರ್ಡಿಂಗಿಗೆ 65,536 ಸ್ಯಾಂಪಲ್ ಕೊಟ್ಟು ನೋಡಿದೆವು. ಎರಡು ಗುಡ್ಡ, ನಡುವೆ ಕಣಿವೆ. ಡಿಎಸ್‌ಪಿಯಲ್ಲಿ ರೆಸಲ್ಯೂಷನ್ ಪ್ರಶ್ನೆಗೆ ಹತ್ತಕ್ಕೆ ಹತ್ತು ತಗೊಂಡವರು ನಾವು. ಯಂತ್ರಕ್ಕೆ ಕಾಣಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂದುಬಿಟ್ಟಿದ್ದೆವು.

ಲ್ಯಾಪ್‌ಟಾಪ್ ಹಿಡಿದು ಕೆಳಗೆ ಹೋಗಿ ತೋರಿಸಿದೆವು, ತಪ್ಪಾಯಿತು ಅಂದೆವು. ಮತ್ತೆ ಆ ವೈರಿನ ವಿಷಯ. ಹೇಳಬೇಕೋ ಬೇಡವೋ ಅಂತ ಮೆಟ್ಟಿಲ ಮೇಲೆ ನಿಂತು ಚರ್ಚೆ ಮಾಡಿದ್ದೆವು, ಯಾಕೆಂದರೆ ಆ ಬೆಸುಗೆ ಅಂಕಲ್ ಕೈಯದ್ದು. ಕೆಪಾಸಿಟರ್ ಒಣಗಿದ್ದು ಈಚೆಗೆ, ಆದರೆ "ರ್ರ್ರ್" ಅನ್ನೋದು ಡಬ್ಬ ಕಟ್ಟಿದ ದಿನದಿಂದಲೇ ಇದ್ದಿರಬೇಕು. ಕೊನೆಗೆ ಹೇಳಿಯೇಬಿಟ್ಟೆವು.

ಆಂಟಿ ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ ನಗೋಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು.

"ಮೂವತ್ತು ವರ್ಷ ಕಣ್ರೋ! ಮೂವತ್ತು ವರ್ಷ ಅವರಿಗೆ ಹೇಳಿದೀನಿ, ರೀ, ಇದು ನನ್ನ ಶ್ರುತಿ ಕೆಡಿಸತ್ತೆ ಅಂತ. ಮೀಟರ್ ಇಟ್ಟು ನೋಡೋರು, ಎಲ್ಲ ಸರಿಯಾಗಿದೆ, ನಿನ್ನ ಕಿವೀಲೇ ಏನೋ ಇದೆ ಅನ್ನೋರು. ನೀವೂ ಅವತ್ತು ಅದನ್ನೇ ಅಂದ್ರಿ. ಅವರೇ ಎದ್ದು ಬಂದ ಹಾಗಾಯ್ತು ನಂಗೆ."

ಇಂಗ್ಲಿಷಿನ ಹಮ್ಮಿಗೂ ಕನ್ನಡದ ಹಮ್ಮಿಗೂ ಸಂಬಂಧ ಇಲ್ಲ, ಗೊತ್ತು. ಆದರೂ ಆ ಸಂಜೆ ಎರಡೂ ಒಟ್ಟಿಗೇ ಇಳಿದವು.

ಇದನ್ನು ಬರೆಯೋಕೆ ಇನ್ನೊಂದು ಕಾರಣವಿದೆ. ರಾಜ್ಯೋತ್ಸವ ಬರುತ್ತಿದೆ, ವೇದಿಕೆ ಮೇಲೆ ಮತ್ತೆ ಗುಂಯ್ ಅನ್ನುತ್ತೆ, ಯಾರೋ ಒಬ್ಬರು ಪ್ಲಗ್ಗಿನ ದೊಡ್ಡ ಪಿನ್ನಿಗೆ ಟೇಪು ಸುತ್ತೋಕೆ ಹೋಗುತ್ತಾರೆ. ತಡೆಯಿರಿ. ಸ್ಪೀಕರ್ ತೆಗೆದು ಕೇಳಿ, ವಾಲ್ಯೂಮ್ ಇಳಿಸಿ ಕೇಳಿ, ಒಂದೊಂದೇ ವೈರು ಕಿತ್ತು ಕೇಳಿ. ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಏನೂ ಆಗದಿದ್ದರೆ ಗುಂಯ್ ಇದ್ದುಕೊಂಡೇ ಕಾರ್ಯಕ್ರಮ ನಡೆಯಲಿ. ಮೈಕ್ ಹಿಡಿಯೋದು ನಮ್ಮಲ್ಲೇ ಒಬ್ಬರು, ಬರಿಗಾಲಿನಲ್ಲಿ.

ಆ ಹುಡುಗಿ ಒಂದು ವಾರ ಮೈಕಿನ ಹತ್ತಿರ ಬರಲಿಲ್ಲ. ನಾವು ಮೂವರೂ ಅವಳ ಮುಂದೆ ಬರಿಗಾಲಲ್ಲಿ ನಿಂತು ಒಬ್ಬೊಬ್ಬರೇ ಮೈಕ್ ಹಿಡಿದು ತೋರಿಸಿದೆವು. ಅವಳು ಕೊನೆಗೆ ಒಂದು ಬೆರಳು ಮುಟ್ಟಿಸಿ ನೋಡಿದಳು, ಆಮೇಲೆ ಇಡೀ ಕೈ. ಈಗ ನಮ್ಮ ಅಲಾರಂ ಮೊದಲಿನ ಹೊತ್ತಿಗೇ ಹೊಡೆಯುತ್ತೆ. ಷಡ್ಜ ಮಾತ್ರ ಅಲ್ಲಾಡೋದಿಲ್ಲ.